ಜಾಮ್‌ನಲ್ಲಿ ಅತಿ ಆತ್ಮವಿಶ್ವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಈಗ ವಾರಾಂತ್ಯ ಬಂತೆಂದರೆ ಎಲ್ಲೋ ಒಂದು ಕಡೆ ಜಾಮ್, ಅಂದರೆ ಆಸಕ್ತರೆಲ್ಲ ಸೇರಿ ಹಾಡಿ ನುಡಿಸುವ ಕೂಟ, ನಡೆಯುತ್ತಿರುತ್ತದೆ. ಯಾರದೋ ತಾರಸಿ, ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್, ಪಾರ್ಕಿನ ಮರದ ನೆರಳು. ಎರಡು ಗಿಟಾರ್, ಒಂದು ಕಹೋನ್ (ಮೇಲೆ ಕೂತು ಕೈಯಿಂದ ಬಡಿಯುವ ಮರದ ಪೆಟ್ಟಿಗೆ), ಒಂದು ಕೀಬೋರ್ಡ್, ಹಾಡೋಕೆ ಏಳೆಂಟು ಜನ. ನಮ್ಮ ತಾರಸಿಯಲ್ಲೂ ಕೆಲವು ವರ್ಷಗಳಿಂದ ನಡೆಯುತ್ತಿದೆ. ಹೊಸದಾಗಿ ಜಾಮ್ ಶುರು ಮಾಡಿದವರು ನನ್ನ ಹತ್ತಿರ ಕೇಳುವ ಪ್ರಶ್ನೆಗಳು ಬಹಳಷ್ಟು ಸಲ ಒಬ್ಬರ ಸುತ್ತಲೇ ಇರುತ್ತವೆ. ತಯಾರಿ ಕಡಿಮೆ, ಧೈರ್ಯ ಜಾಸ್ತಿ ಇರುವವರ ಸುತ್ತ. ಪ್ರತಿ ಗುಂಪಿಗೂ ಇಂಥವರು ಒಬ್ಬರಾದರೂ ಬರುತ್ತಾರೆ. ಅವರನ್ನು ಓಡಿಸದೆ, ಜಾಮನ್ನೂ ಕೆಡಿಸಿಕೊಳ್ಳದೆ ಹೇಗೆ ನಡೆದುಕೊಳ್ಳಬೇಕು ಅಂತ ಇಲ್ಲಿ ಬರೆದಿದ್ದೇನೆ.

ಜಾಮ್ ಅಂದಮೇಲೆ ಯಾರು ಬೇಕಾದರೂ ಹೇಗೆ ಬೇಕಾದರೂ ಹಾಡಬಹುದು ಅಲ್ವಾ?

ಯಾರು ಬೇಕಾದರೂ ಹಾಡಬಹುದು. ಹೇಗೆ ಬೇಕಾದರೂ ಅಂದರೆ ಸ್ವಲ್ಪ ನಿಲ್ಲಬೇಕಾಗುತ್ತದೆ. ಇದು ಕಛೇರಿ ಅಲ್ಲ, ಯಾರೂ ಟಿಕೆಟ್ ಕೊಟ್ಟು ಬಂದಿಲ್ಲ, ತಪ್ಪಾದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಇನ್ನೂ ನಾಲ್ಕು ಜನ ನಿಮ್ಮ ಜೊತೆ ನುಡಿಸುತ್ತಿದ್ದಾರೆ. ಅವರ ಸದ್ದು ನಿಮ್ಮ ಕಿವಿಗೆ ಬೀಳುತ್ತಿರಬೇಕು. ಜಾಮ್‌ನಲ್ಲಿ ನಾನು ಕೇಳುವ ಅರ್ಹತೆ ಇದೊಂದೇ.

ಹೊಸಬರಿಗೂ ಅತಿ ಆತ್ಮವಿಶ್ವಾಸದವರಿಗೂ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ?

ಇಬ್ಬರೂ ತಪ್ಪುತ್ತಾರೆ. ತಪ್ಪಿದ ಮೇಲೆ ಏನು ಮಾಡುತ್ತಾರೆ ಅನ್ನುವುದನ್ನು ನೋಡಿ. ಹೊಸಬರು ಗಿಟಾರಿನವರ ಮುಖ ನೋಡುತ್ತಾರೆ, ಧ್ವನಿ ಇಳಿಸುತ್ತಾರೆ, “ಇನ್ನೊಂದು ಸಲ ಶುರು ಮಾಡೋಣ್ವಾ?” ಅಂತ ಕೇಳುತ್ತಾರೆ. ಅತಿ ಆತ್ಮವಿಶ್ವಾಸದವರು ಕಣ್ಣು ಮುಚ್ಚಿಕೊಂಡು ಧ್ವನಿ ಏರಿಸುತ್ತಾರೆ. ಗಿಟಾರಿನವರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹುಡುಕುತ್ತಾ ಅವರ ಹಿಂದೆ ಓಡುತ್ತಿರುತ್ತಾರೆ. ಹಾಡು ಮುಗಿದ ಮೇಲೆ ಹಾಡಿದವರೇ “ಬೀಟ್ ಸ್ವಲ್ಪ ಹಿಂದೆ ಬಿತ್ತು” ಅಂತ ಕಹೋನಿನವರಿಗೆ ಹೇಳುತ್ತಾರೆ.

ಇನ್ನೂ ಒಂದು ಗುರುತಿದೆ. ಬೇರೆಯವರು ಹಾಡುವಾಗ ಅವರು ಏನು ಮಾಡುತ್ತಿದ್ದಾರೆ? ಫೋನಿನಲ್ಲಿ ತಮ್ಮ ಮುಂದಿನ ಹಾಡಿನ ಸಾಹಿತ್ಯ ಹುಡುಕುತ್ತಿದ್ದರೆ, ತೊಂದರೆ ಗಂಟಲಿನಲ್ಲಿಲ್ಲ.

ತಾವು ತಪ್ಪುತ್ತಿರುವುದು ಅವರಿಗೆ ನಿಜವಾಗಿಯೂ ಗೊತ್ತಾಗುವುದಿಲ್ಲವಾ?

ಬಹಳಷ್ಟು ಸಲ ಗೊತ್ತಾಗುವುದಿಲ್ಲ. ಇದನ್ನು ಮೊದಲು ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಸುಮ್ನೆ ಕೋಪ ಬರುತ್ತದೆ.

1999ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಡೇವಿಡ್ ಡನಿಂಗ್ ಮತ್ತು ಜಸ್ಟಿನ್ ಕ್ರೂಗರ್ ಒಂದು ಅಧ್ಯಯನ ಪ್ರಕಟಿಸಿದರು. ತರ್ಕ, ವ್ಯಾಕರಣ, ಹಾಸ್ಯಪ್ರಜ್ಞೆಗಳಲ್ಲಿ ವಿದ್ಯಾರ್ಥಿಗಳನ್ನು ಪರೀಕ್ಷಿಸಿ, “ನೀವು ಎಷ್ಟು ಚೆನ್ನಾಗಿ ಮಾಡಿದ್ದೀರಿ ಅನಿಸುತ್ತದೆ?” ಅಂತಲೂ ಕೇಳಿದರು. ಎಲ್ಲರಿಗಿಂತ ಹಿಂದೆ ಬಿದ್ದ ಗುಂಪು, ನೂರು ಜನರ ಸಾಲಿನಲ್ಲಿ ಕೆಳಗಿನಿಂದ ಸುಮಾರು 12ನೆಯ ಜಾಗದಲ್ಲಿತ್ತು. ಅವರು ಮಾತ್ರ ತಾವು 62ರ ಹತ್ತಿರ ಇದ್ದೇವೆ ಅಂದುಕೊಂಡಿದ್ದರು. ಒಂದು ಕೆಲಸ ಚೆನ್ನಾಗಿ ಮಾಡಲು ಬೇಕಾದ ತಿಳಿವಳಿಕೆಯೇ, ಅದು ಚೆನ್ನಾಗಿ ಆಗಿದೆಯೋ ಇಲ್ಲವೋ ಅಂತ ಅಳೆಯಲೂ ಬೇಕು. ಶ್ರುತಿ ಹಿಡಿಯಲು ಬರದ ಕಿವಿಗೆ ಶ್ರುತಿ ಬಿಟ್ಟಿದ್ದು ಹೇಗೆ ಕೇಳಿಸಬೇಕು?

ಅದೇ ಅಧ್ಯಯನದಲ್ಲಿ ನನಗೆ ಮುಖ್ಯ ಅನಿಸುವ ಭಾಗ ಬೇರೆ. ತರ್ಕದ ಪರೀಕ್ಷೆಯಲ್ಲಿ ಹಿಂದೆ ಬಿದ್ದವರಿಗೆ ಸ್ವಲ್ಪ ಹೊತ್ತು ಪಾಠ ಹೇಳಿಕೊಟ್ಟರು. ಆಮೇಲೆ ಅವರು ತಮ್ಮ ಬಗ್ಗೆ ಕೊಟ್ಟ ಅಂದಾಜು ಹೆಚ್ಚು ಸರಿಯಾಯಿತು. ಅಂದರೆ, ಹೇಳಿಕೊಟ್ಟರೆ ತಪ್ಪು ಕಾಣಿಸುತ್ತದೆ. ಜಾಮ್‌ನಲ್ಲಿ ಇದೇ ಆಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇದರ ಮೇಲೆ ಶರೀರದ್ದೂ ಒಂದು ಮೋಸ ಇದೆ. ನಮ್ಮ ಧ್ವನಿ ನಮಗೆ ಗಾಳಿಯ ಮೂಲಕ ಮಾತ್ರ ಕೇಳಿಸುವುದಿಲ್ಲ, ತಲೆಬುರುಡೆಯ ಮೂಳೆಗಳ ಮೂಲಕವೂ ಒಳಗಿನ ಕಿವಿಗೆ ಹೋಗುತ್ತದೆ. ಹಾಗಾಗಿ ನಮಗೆ ನಾವು ತುಂಬು ಕಂಠದವರಂತೆ ಕೇಳಿಸುತ್ತೇವೆ. ರೆಕಾರ್ಡಿಂಗ್ ಕೇಳಿದಾಗ “ಇದು ನನ್ನ ಧ್ವನಿನಾ?” ಅನಿಸುವುದು ಅದಕ್ಕೇ.

ಕರೋಕೆಯಲ್ಲಿ ಅಷ್ಟು ಚೆನ್ನಾಗಿ ಹಾಡುವವರು ಜಾಮ್‌ನಲ್ಲಿ ಯಾಕೆ ಎಡವುತ್ತಾರೆ?

ಕರೋಕೆ ಟ್ರ್ಯಾಕ್ ನಿಮಗಾಗಿ ಕಾಯುವುದಿಲ್ಲ, ಆದರೆ ನಿಮ್ಮಿಂದ ಕೆಡುವುದೂ ಇಲ್ಲ. ನೀವು ಎರಡು ಸಾಲು ಬಿಟ್ಟರೂ ಅದು ತನ್ನ ಪಾಡಿಗೆ ಹೋಗುತ್ತಿರುತ್ತದೆ. ಪರದೆಯ ಮೇಲೆ ಅಕ್ಷರದ ಬಣ್ಣ ಬದಲಾಗುತ್ತಾ ಎಲ್ಲಿ ಶುರು ಮಾಡಬೇಕು ಅಂತ ತೋರಿಸುತ್ತದೆ. ಆ್ಯಪ್ ರೆವರ್ಬ್, ಅಂದರೆ ದೊಡ್ಡ ಹಾಲಿನಲ್ಲಿ ಹಾಡಿದಂಥ ಅನುರಣನ, ಸೇರಿಸುತ್ತದೆ. ಕೆಲವು ಆ್ಯಪ್‌ಗಳು ಸ್ವರವನ್ನೂ ಎಳೆದು ಸರಿಮಾಡುತ್ತವೆ. ಕೇಳಿದವರು ಹೃದಯದ ಚಿತ್ರ ಕಳಿಸುತ್ತಾರೆ. ಇಷ್ಟೆಲ್ಲ ಆಸರೆ ಇರುವಾಗ ಬಂದ ಧೈರ್ಯವನ್ನು ಅವರು ಪ್ರಾಮಾಣಿಕವಾಗಿ ತಮ್ಮದೇ ಅಂದುಕೊಂಡಿರುತ್ತಾರೆ.

ಜಾಮ್‌ನಲ್ಲಿ ಮೊದಲು ಪೆಟ್ಟು ಬೀಳುವುದು ಪಲ್ಲವಿ ಮುಗಿದ ಮೇಲೆ. ಮೂಲ ಹಾಡಿನಲ್ಲಿ ಅಲ್ಲಿ ಪಿಟೀಲು, ಕೊಳಲು ಎಲ್ಲ ಬಂದು, ಕೊನೆಗೆ ಒಂದು ತಬಲಾ ತುಣುಕು ಬಿದ್ದು ಚರಣ ಶುರುವಾಗುತ್ತದೆ. ಆ ತುಣುಕೇ ಅವರ ಗುರುತು. ನಮ್ಮ ತಾರಸಿಯಲ್ಲಿ ಪಿಟೀಲು ಇಲ್ಲ. ಗಿಟಾರಿನವರು ಎರಡು ಕಾರ್ಡುಗಳನ್ನು ಸುತ್ತಿ ಸುತ್ತಿ ನುಡಿಸುತ್ತಿದ್ದಾರೆ ಅಷ್ಟೇ. ಈಗ ಎಣಿಸಬೇಕು. ಎಣಿಸಿ ಅಭ್ಯಾಸ ಇಲ್ಲದವರು ಎಲ್ಲೋ ಮಧ್ಯದಲ್ಲಿ ನುಗ್ಗುತ್ತಾರೆ.

ಇದಕ್ಕೆ ನಾವು ಮಾಡುವ ಉಪಾಯ ಸುಲಭ. ಇಂಟರ್‌ಲ್ಯೂಡನ್ನು, ಅಂದರೆ ಈ ನಡುವಿನ ವಾದ್ಯದ ಭಾಗವನ್ನು, ಎರಡು ಆವರ್ತಕ್ಕೆ (ತಾಳದ ಎರಡು ಸುತ್ತಿಗೆ) ಇಳಿಸುತ್ತೇವೆ. ಚರಣಕ್ಕೆ ಒಂದು ಆವರ್ತ ಮೊದಲು ಗಿಟಾರಿನವರು ಹಾಡುವವರ ಕಡೆ ತಿರುಗಿ ತಲೆ ಆಡಿಸುತ್ತಾರೆ. ಹಾಡುವವರು ಅವರನ್ನು ನೋಡುತ್ತಿರಬೇಕು. ಹಾಡು ಶುರುವಾಗುವ ಮೊದಲೇ ಇದನ್ನು ಹೇಳಿಬಿಡಿ.

“ಯಾವ ಶ್ರುತಿ?” ಅಂದರೆ “ಯಾವುದಾದ್ರೂ ಪರವಾಗಿಲ್ಲ” ಅನ್ನುತ್ತಾರೆ. ಏನು ಮಾಡಲಿ?

ಈ ಉತ್ತರ ಬಂದರೆ ಅಲ್ಲೇ ಎರಡು ನಿಮಿಷ ಕೊಡಿ. ಆಮೇಲಿನ ಐದು ನಿಮಿಷದ ಯಾತನೆ ತಪ್ಪುತ್ತದೆ.

ನಮ್ಮ ಸಿನಿಮಾ ಹಾಡುಗಳಲ್ಲಿ ಪಲ್ಲವಿ ಸಾಮಾನ್ಯವಾಗಿ ಆರಾಮಾಗಿ ಮಧ್ಯ ಸ್ಥಾಯಿಯಲ್ಲಿ ಓಡಾಡುತ್ತದೆ. ಚರಣದ ಮೂರನೆಯ ಸಾಲಿಗೋ ನಾಲ್ಕನೆಯ ಸಾಲಿಗೋ ಬಂದಾಗ ತಾರ ಷಡ್ಜ (ಮೇಲಿನ ಸ) ದಾಟುತ್ತದೆ. ಪಲ್ಲವಿ ನೋಡಿ ಶ್ರುತಿ ಇಟ್ಟುಕೊಂಡವರು ಅಲ್ಲಿ ಸಿಕ್ಕಿಬೀಳುತ್ತಾರೆ. ಗಂಟಲು ಬಿಗಿಯುತ್ತದೆ, ಸ್ವರ ಒಂದು ಕೂದಲೆಳೆ ಕೆಳಗೆ ನಿಲ್ಲುತ್ತದೆ, ಅದನ್ನು ಮುಚ್ಚಲು ಜೋರು ಮಾಡುತ್ತಾರೆ. ಡಾ. ರಾಜ್‌ಕುಮಾರ್, ಎಸ್‌ಪಿಬಿ ಅವರ ಮೇಲಿನ ಸ್ಥಾಯಿಯ ಹಾಡುಗಳನ್ನು ಮೂಲ ಶ್ರುತಿಯಲ್ಲೇ ಹಾಡುತ್ತೇನೆ ಅಂತ ಹಟ ಹಿಡಿದಾಗ ಇದು ಇನ್ನೂ ಜಾಸ್ತಿ. ಆ ಹಾಡುಗಳನ್ನು ಕೂರಿಸಿದ್ದು ಅವರ ಕಂಠಕ್ಕೆ.

ಹಾಗಾಗಿ ಹೀಗೆ ಮಾಡಿ. ಹಾಡಿನ ಅತಿ ಮೇಲಿನ ಸಾಲು ಯಾವುದು ಅಂತ ಕೇಳಿ. ಅದನ್ನೇ ಮೊದಲು ಹಾಡಿಸಿ. ಅದು ಕಷ್ಟವಿಲ್ಲದೆ ಬರುವ ಶ್ರುತಿ ಸಿಕ್ಕಿತೋ, ಅಲ್ಲಿಗೆ ಪಲ್ಲವಿಯನ್ನು ತನ್ನಿ. ಪಲ್ಲವಿ ಸ್ವಲ್ಪ ಮಂದ್ರ ಅನಿಸಿದರೂ ಪರವಾಗಿಲ್ಲ. “ನಿಮ್ಮ ಶ್ರುತಿ ಜಾಸ್ತಿಯಾಯ್ತು” ಅಂತ ಯಾರೂ ಹೇಳಬೇಕಾಗಿಲ್ಲ, ಆ ಸಾಲೇ ಹೇಳುತ್ತದೆ. ಅತಿ ಆತ್ಮವಿಶ್ವಾಸದವರ ಜೊತೆ ವಾದಕ್ಕಿಂತ ಇದು ಎಷ್ಟೋ ಮೇಲು.

ಹಾಡುವವರು “ಒಂದೂವರೆ ಮನೆ” ಅನ್ನುತ್ತಾರೆ, ಗಿಟಾರಿನವರು ತಲೆ ಕೆರೆದುಕೊಳ್ಳುತ್ತಾರೆ. ಲೆಕ್ಕ ಹೇಗೆ?

ಮನೆ ಅಂದರೆ ಹಾರ್ಮೋನಿಯಂನ ಕೀ ಲೆಕ್ಕದಲ್ಲಿ ಹೇಳುವ ಶ್ರುತಿ. 1 ಮನೆ ಅಂದರೆ ಸಿ. 1½ ಅಂದರೆ ಸಿ ಶಾರ್ಪ್. 2 ಡಿ, 2½ ಡಿ ಶಾರ್ಪ್, 3 ಇ, 4 ಎಫ್, 4½ ಎಫ್ ಶಾರ್ಪ್, 5 ಜಿ, 5½ ಜಿ ಶಾರ್ಪ್, 6 ಎ, 6½ ಎ ಶಾರ್ಪ್, 7 ಬಿ. ಮೂರೂವರೆ ಮನೆ ಇಲ್ಲ, ಯಾಕೆಂದರೆ ಹಾರ್ಮೋನಿಯಂನಲ್ಲಿ ಇ ಮತ್ತು ಎಫ್ ನಡುವೆ ಕಪ್ಪು ಕೀ ಇಲ್ಲ. ಯಕ್ಷಗಾನದ ಕಡೆಯವರು, ಹಿಂದೂಸ್ತಾನಿ ಕಲಿತವರು “ಕಪ್ಪು ಒಂದು”, “ಬಿಳಿ ಎರಡು” ಅನ್ನಬಹುದು. ಕಪ್ಪು ಒಂದು ಅಂದರೆ ಸಿ ಶಾರ್ಪ್, ಬಿಳಿ ಎರಡು ಅಂದರೆ ಡಿ. ಗಿಟಾರಿನವರು ಸಿ ಕಾರ್ಡಿನ ಆಕಾರದಲ್ಲೇ ನುಡಿಸುತ್ತಾ ಕಾಪೋವನ್ನು (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಒಂದೊಂದು ಫ್ರೆಟ್ ಮೇಲೆ ಹಾಕಿದರೆ ಅರ್ಧರ್ಧ ಮನೆ ಏರುತ್ತದೆ, 3ರಿಂದ ಮಾತ್ರ ನೇರ 4ಕ್ಕೆ.

ಕರ್ನಾಟಕ ಸಂಗೀತದಲ್ಲಿ ಗಂಡಸರು ಸಾಮಾನ್ಯವಾಗಿ 1ರಿಂದ 2 ಮನೆ, ಹೆಂಗಸರು 4½ರಿಂದ 5½ ಮನೆ ಆಸುಪಾಸಿನಲ್ಲಿ ಹಾಡುತ್ತಾರೆ. ಗಾಯಕರ ಹಾಡನ್ನು ಹೆಣ್ಣುಮಗಳು ಹಾಡುವಾಗ ಶ್ರುತಿ ಬದಲಿಸಬೇಕು ಅಂದರೆ ಅದು ಕೊರತೆಯಲ್ಲ. ತಿರುಗಾ ಮುರುಗಾ ಆದರೂ ಅಷ್ಟೇ.

ನಮ್ಮಲ್ಲಿ ಒಬ್ಬರು ಹಾರ್ಮೋನಿಕಾ ತರುತ್ತಾರೆ. ಎಲ್ಲ ಹಾಡಿಗೂ ನುಡಿಸುತ್ತಾರೆ. ಏನೋ ಸರಿ ಹೊಂದುವುದಿಲ್ಲ. ಯಾಕೆ?

ಅವರ ಹಾರ್ಮೋನಿಕಾದ ಮೇಲೆ ಯಾವ ಅಕ್ಷರ ಬರೆದಿದೆ ನೋಡಿ. ಬಹುತೇಕ ಸಿ ಇರುತ್ತದೆ.

ಹತ್ತು ರಂಧ್ರದ ಸಾಮಾನ್ಯ ಡಯಾಟೋನಿಕ್ ಹಾರ್ಮೋನಿಕಾ ಒಂದೇ ಸ್ಕೇಲಿಗೆ ಮಾಡಿದ ವಾದ್ಯ. ಸಿ ಹಾರ್ಮೋನಿಕಾದಲ್ಲಿ ಪಿಯಾನೋದ ಬಿಳಿ ಕೀಗಳ ಸ್ವರಗಳು ಮಾತ್ರ ಸುಲಭವಾಗಿ ಸಿಗುತ್ತವೆ. ನಮ್ಮ ತಾರಸಿಗೂ ಇಂಥ ಒಬ್ಬ ಹುಡುಗ ಬರುತ್ತಿದ್ದ. ಒಂದು ಸಂಜೆ ಹಾಡು ಡಿ ಮೇಜರ್‌ನಲ್ಲಿತ್ತು, ಅಂದರೆ 2 ಮನೆ ಶ್ರುತಿ, ಶಂಕರಾಭರಣ ರಾಗದ ಸ್ವರಗಳು. ಅದಕ್ಕೆ ಎಫ್ ಶಾರ್ಪ್, ಸಿ ಶಾರ್ಪ್ ಬೇಕು. ಅವನ ಕೈಯಲ್ಲಿದ್ದ ವಾದ್ಯದಲ್ಲಿ ಅವೆರಡೂ ಇಲ್ಲ, ಬರೀ ಎಫ್, ಬರೀ ಸಿ. ಹಾಡುವವರು ಅಂತರ ಗಾಂಧಾರದಲ್ಲಿ (ಎಫ್ ಶಾರ್ಪ್) ನಿಲ್ಲುತ್ತಿದ್ದಾರೆ, ಇವನು ಪಕ್ಕದಲ್ಲಿ ಸಾಧಾರಣ ಗಾಂಧಾರ (ಎಫ್) ಎಳೆಯುತ್ತಿದ್ದಾನೆ. ಅವರದು ಕಾಕಲಿ ನಿಷಾದ (ಸಿ ಶಾರ್ಪ್), ಇವನದು ಕೈಶಿಕಿ (ಸಿ). ಶಂಕರಾಭರಣದ ಹಾಡಿಗೆ ಖರಹರಪ್ರಿಯದ ಸ್ವರ ಬಂದು ಕೂತರೆ ಹೇಗಿರುತ್ತದೋ ಹಾಗೆ. ಅವನಿಗೆ ಊದುವುದು ಚೆನ್ನಾಗಿ ಬರುತ್ತಿತ್ತು, ಉಸಿರಿನ ಹಿಡಿತವೂ ಇತ್ತು. ಅದಕ್ಕೇ ತಾನು ಸರಿಯಾಗಿದ್ದೇನೆ ಅನ್ನುವ ನಂಬಿಕೆ ಗಟ್ಟಿಯಾಗಿತ್ತು.

ಎಲ್ಲರೂ ಕೆಳಗೆ ಹೋದ ಮೇಲೆ ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ ಡಿ ಶ್ರುತಿ ಇಟ್ಟೆ. “ಇದರ ಮೇಲೆ ಸರಿಗಮ ನುಡಿಸು” ಅಂದೆ. ಮೂರನೆಯ ಸ್ವರಕ್ಕೇ ನಿಲ್ಲಿಸಿ, ಮತ್ತೆ ಊದಿ, ಮತ್ತೆ ನಿಲ್ಲಿಸಿದ. ಬೇರೇನೂ ಹೇಳಬೇಕಾಗಲಿಲ್ಲ. ಈಗ ಅವನ ಚೀಲದಲ್ಲಿ ಜಿ, ಎ, ಡಿ ಹಾರ್ಮೋನಿಕಾಗಳೂ ಇವೆ. ಹಾಡು ಶುರುವಾಗುವ ಮೊದಲು ಸ್ಕೇಲ್ ಕೇಳುವ ಮೊದಲಿಗ ಅವನೇ.

ಸಿ ಹಾರ್ಮೋನಿಕಾ ಒಂದೇ ಇದ್ದರೆ ಸಿ ಮೇಜರ್ ಮತ್ತು ಎ ಮೈನರ್ ಹಾಡುಗಳಿಗೆ ನುಡಿಸಿ. ಜಿ ಷಡ್ಜವಾಗಿಟ್ಟುಕೊಂಡ ಹರಿಕಾಂಭೋಜಿ ರಾಗದ ಸ್ವರಗಳೂ ಅದರಲ್ಲೇ ಸಿಗುತ್ತವೆ, ಅಮೆರಿಕದ ಬ್ಲೂಸ್ ಸಂಗೀತ ನುಡಿಸುವವರು ಹೆಚ್ಚಾಗಿ ಬಳಸುವುದು ಅದನ್ನೇ. ಉಳಿದ ಹಾಡುಗಳಿಗೆ ಕೂತು ಕೇಳಿ.

ಒಬ್ಬರು ಜೋರು ಮಾಡಿದ ಕೂಡಲೇ ಎಲ್ಲರೂ ಜೋರಾಗುತ್ತಾರೆ. ತಡೆಯುವುದು ಹೇಗೆ?

ಸುತ್ತ ಸದ್ದು ಏರಿದಾಗ ಮನುಷ್ಯ ತನಗೇ ಗೊತ್ತಿಲ್ಲದೆ ಧ್ವನಿ ಏರಿಸುತ್ತಾನೆ. ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ಡ್ ಇದನ್ನು ಗುರುತಿಸಿದ್ದರಿಂದ ಅವರ ಹೆಸರಿನಲ್ಲೇ ಲೊಂಬಾರ್ಡ್ ಪರಿಣಾಮ ಅನ್ನುತ್ತಾರೆ. ಹಾಗಾಗಿ “ಮೆಲ್ಲಗೆ ಹಾಡಿ” ಅಂತ ಕೂಗಿ ಪ್ರಯೋಜನವಿಲ್ಲ. ಮೊದಲು ವಾದ್ಯಗಳನ್ನು ಇಳಿಸಿ. ಕಹೋನಿನವರು ಬೆರಳ ತುದಿಯಲ್ಲಿ ನುಡಿಸಲಿ, ಗಿಟಾರಿನವರು ಸ್ಟ್ರಮ್ ಬಿಟ್ಟು ತಂತಿ ಮೀಟಲಿ. ಹಾಡುವವರು ತಾವಾಗಿಯೇ ಇಳಿಯುತ್ತಾರೆ.

ಸಣ್ಣ ತಾರಸಿಗೆ ಮೈಕ್ ಬೇಡ. ಅದರಲ್ಲೂ ಬ್ಲೂಟೂತ್ ಸ್ಪೀಕರಿಗೆ ಮೈಕ್ ಜೋಡಿಸಿ ತರುವವರು ಇದ್ದಾರೆ. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಹೊರಬರುತ್ತದೆ. ಹಾಡುವವರಿಗೆ ತಮ್ಮದೇ ಧ್ವನಿ ತಡವಾಗಿ ಕೇಳಿಸಿ, ಅವರು ಇನ್ನೂ ನಿಧಾನವಾಗುತ್ತಾರೆ. ಮೈಕ್ ಬೇಕೇ ಬೇಕು ಅಂದರೆ ಪೂರ್ತಿ ತಂತಿಯದ್ದು ಆದರೆ ಸರಿ.

ಆನ್‌ಲೈನ್‌ನಲ್ಲಿ ಜಾಮ್ ಮಾಡಬಹುದಾ?

ಸರದಿಯಲ್ಲಿ ಒಬ್ಬೊಬ್ಬರೇ ಹಾಡಬಹುದು. ಒಟ್ಟಿಗೆ ನುಡಿಸಲು ಸಾಮಾನ್ಯ ವಿಡಿಯೊ ಕಾಲ್ ಆಗುವುದಿಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ಸದ್ದು ತಲುಪಲು 25–30 ಮಿಲಿಸೆಕೆಂಡ್ ದಾಟಿದರೆ ಲಯ ಎಳೆಯತೊಡಗುತ್ತದೆ. ವಿಡಿಯೊ ಕಾಲ್‌ನಲ್ಲಿ ಅದಕ್ಕಿಂತ ತುಂಬಾ ಜಾಸ್ತಿ ತಡ ಇರುತ್ತದೆ.

ತಾಳದವರೇ ಅತಿ ಆತ್ಮವಿಶ್ವಾಸದವರಾದರೆ?

ಇದು ಹೆಚ್ಚು ಕಷ್ಟ, ಯಾಕೆಂದರೆ ಎಲ್ಲರೂ ಅವರ ಮೇಲೆ ನಿಂತಿರುತ್ತಾರೆ. ಹಾಡುವವರು ತಪ್ಪಿದರೆ ಒಂದು ಹಾಡು ಕೆಡುತ್ತದೆ, ಕಹೋನಿನವರು ಓಡಿದರೆ ಇಡೀ ಸಂಜೆ ಓಡುತ್ತದೆ. ಪ್ರತಿ ಸಾಲಿನ ಕೊನೆಗೂ ಒಂದು ಮುಕ್ತಾಯ ಹಾಕಬೇಕು ಅನ್ನುವ ಆಸೆ, ಆ ಮುಕ್ತಾಯ ಹಾಕುವಾಗೆಲ್ಲ ಒಂದು ಎಳೆ ಮುಂದೆ ಹೋಗುವುದು. ಮೆಟ್ರೊನೋಮ್ 90ರಲ್ಲಿ (ನಿಮಿಷಕ್ಕೆ 90 ಬಡಿತ) ಶುರುವಾದ ಹಾಡು 105ರಲ್ಲಿ ಮುಗಿಯುತ್ತದೆ. ಕೊನೆಯ ಚರಣದಲ್ಲಿ ಹಾಡುವವರಿಗೆ ಉಸಿರು ತೆಗೆದುಕೊಳ್ಳಲು ಜಾಗವಿರುವುದಿಲ್ಲ.

ಅವರಿಗೆ ಒಂದು ಇಡೀ ಹಾಡನ್ನು ಬರೀ ಸರಳ ನಡೆಯಲ್ಲಿ, ಒಂದೂ ಮುಕ್ತಾಯವಿಲ್ಲದೆ ನುಡಿಸಲು ಹೇಳಿ. ಮೃದಂಗ ಕಲಿಸುವವರು ಸರ್ವಲಘುವಿಗೆ, ಅಂದರೆ ಇಂಥ ಸರಳ ನಡೆಗೆ, ಅಷ್ಟು ಬೆಲೆ ಕೊಡುವುದು ಸುಮ್ಮನೆ ಅಲ್ಲ. ಹಾಗೆ ಮಾಡಿದ ಹಾಡಿನ ರೆಕಾರ್ಡಿಂಗ್ ಮತ್ತು ಹಳೆಯದನ್ನು ಒಂದರ ಹಿಂದೆ ಒಂದು ಕೇಳಿಸಿ. ಕೊನೆಗೆ ಅವರಿಗೇ ಮೀಸಲಾದ ಒಂದು ಜಾಗವನ್ನೂ ಕೊಡಿ. ಎರಡು ಆವರ್ತ ನೀವೊಬ್ಬರೇ ನುಡಿಸಿ ಅಂದರೆ, ಉಳಿದ ಕಡೆ ತುಂಬುವ ಅವಸರ ಕಡಿಮೆಯಾಗುತ್ತದೆ.

ಸರಿ, ಹೇಳಬೇಕು. ಆದರೆ ಹೇಗೆ ಹೇಳಲಿ? ಸಂಬಂಧ ಕೆಡುತ್ತೆ ಅಂತ ಭಯ.

ಈ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ನನ್ನ ಪ್ರಕಾರ ಅತಿ ಆತ್ಮವಿಶ್ವಾಸ ಬೆಳೆಯುವುದು ಹಾಡುವವರೊಬ್ಬರಿಂದಲೇ ಅಲ್ಲ. ನಾವೆಲ್ಲ ಮುಖಕ್ಕೆ ಚಪ್ಪಾಳೆ ತಟ್ಟಿ, ಅವರು ಹೋದ ಮೇಲೆ ನಗುತ್ತೇವೆ. ತಿಂಗಳುಗಟ್ಟಲೆ “ಸೂಪರ್ ಸರ್” ಅಂದು, ಒಂದು ದಿನ ಗುಂಪಿನಿಂದ ಹೆಸರು ತೆಗೆದುಬಿಡುತ್ತೇವೆ. ಅದರಷ್ಟು ಕ್ರೂರವಾದದ್ದು ಇನ್ನೊಂದಿಲ್ಲ. ಅವರಿಗೆ ನಿಜ ಗೊತ್ತಾಗಲು ಒಂದು ಅವಕಾಶವನ್ನೂ ನಾವು ಕೊಟ್ಟಿರುವುದಿಲ್ಲ.

ಬೇಗ ಹೇಳಿ. ಎರಡನೆಯ ಸಲಕ್ಕೇ ಹೇಳಿದರೆ ಅದು ಸಲಹೆ, ಇಪ್ಪತ್ತನೆಯ ಸಲಕ್ಕೆ ಹೇಳಿದರೆ ಅದು ತೀರ್ಪು. ಒಬ್ಬರೇ ಇದ್ದಾಗ ಹೇಳಿ. ವಾಟ್ಸಾಪ್ ಗುಂಪಿನಲ್ಲಿ ಬೇಡ, ಹಾಡು ಮುಗಿದ ತಕ್ಷಣ ಎಲ್ಲರೆದುರು ಬೇಡ, ವಾದ್ಯ ಚೀಲಕ್ಕೆ ಹಾಕುವಾಗಲೋ ಕಾಫಿ ಕುಡಿಯುವಾಗಲೋ ಸಾಕು. ಒಂದೇ ವಿಷಯ ಹೇಳಿ. “ಸ್ವಲ್ಪ ಪ್ರಾಕ್ಟೀಸ್ ಮಾಡಿ” ಅಂದರೆ ಅವರಿಗೆ ಏನೂ ಸಿಗುವುದಿಲ್ಲ, ಏನನ್ನು ಅಂತ ಗೊತ್ತಾಗುವುದಿಲ್ಲ. “ಚರಣದ ಆ ಮೇಲಿನ ಸಾಲು ಶ್ರುತಿಗಿಂತ ಕೆಳಗೆ ನಿಲ್ಲುತ್ತಿದೆ, ಮುಂದಿನ ಸಲ ಒಂದು ಮನೆ ಇಳಿಸಿ ನೋಡೋಣ್ವಾ?” ಅಂದರೆ ಅವರ ಕೈಗೆ ಒಂದು ಕೆಲಸ ಕೊಟ್ಟಂತಾಯಿತು. ಆ ಕೆಲಸದಲ್ಲಿ ನೀವೂ ಜೊತೆಗಿದ್ದೀರಿ.

ಸುಳ್ಳು ಹೊಗಳಿಕೆ ಸೇರಿಸಬೇಡಿ. ನಿಜವಾಗಿ ಚೆನ್ನಾಗಿರುವ ಒಂದು ಅಂಶ ಪ್ರತಿಯೊಬ್ಬರಲ್ಲೂ ಇರುತ್ತದೆ. ಉಚ್ಚಾರ ಶುದ್ಧವಾಗಿರಬಹುದು, ಸಾಹಿತ್ಯ ಪೂರ್ತಿ ಬಾಯಿಪಾಠ ಇರಬಹುದು. ಅದನ್ನು ಹೇಳಿ. ನಿಮಗೆ ಅದು ಕಾಣಲಿಲ್ಲ ಅಂದರೆ ನೀವೂ ಸರಿಯಾಗಿ ಕೇಳಿಲ್ಲ.

ಹಾಡಿನ ಮಧ್ಯೆ ನಿಲ್ಲಿಸಬಹುದಾ?

ಶ್ರುತಿ ಅಥವಾ ತಾಳ ಪೂರ್ತಿ ಕೈಬಿಟ್ಟರೆ ಮೊದಲ ಪಲ್ಲವಿಯಲ್ಲೇ, ನಗುತ್ತಾ, “ಇನ್ನೊಂದು ಸಲ, ಶ್ರುತಿ ನಾವು ತಪ್ಪು ಕೊಟ್ಟೆವು” ಅಂತ ನಿಲ್ಲಿಸಿ. ಚರಣಕ್ಕೆ ಹೋದ ಮೇಲೆ ನಿಲ್ಲಿಸಬೇಡಿ, ಮುಗಿಸಲು ಬಿಡಿ. ಗಿಟಾರಿನವರು ಎರಡನೆಯ ಚರಣ ಬಿಟ್ಟು ಪಲ್ಲವಿಗೆ ತಂದು ಮುಗಿಸಬಹುದು, ಯಾರಿಗೂ ನೋವಾಗುವುದಿಲ್ಲ.

ಅವರು ವಯಸ್ಸಿನಲ್ಲಿ ಹಿರಿಯರು. ಹೇಳಲು ಬಾಯಿ ಬರುವುದಿಲ್ಲ.

ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ ಯಾರಿಗೂ ಪ್ರತ್ಯೇಕವಾಗಿ ಹೇಳಬೇಕಾಗುವುದಿಲ್ಲ. ಆಹ್ವಾನದ ಮೆಸೇಜಿನಲ್ಲೇ ಬರೆಯಿರಿ: ಒಂದು ಸುತ್ತಿಗೆ ಒಬ್ಬರಿಗೆ ಒಂದು ಹಾಡು, ಹಾಡು ಮತ್ತು ಶ್ರುತಿ ಹಿಂದಿನ ದಿನವೇ ತಿಳಿಸಿ, ಬೇರೆಯವರ ಹಾಡಿಗೆ ಅವರು ಕರೆದರೆ ಮಾತ್ರ ದನಿಗೂಡಿಸಿ. ನಡೆಸುವವರೂ ಇದಕ್ಕೆ ಬದ್ಧರಾಗಿರಬೇಕು.

ಹಿರಿಯರಲ್ಲಿ ಹಲವರಿಗೆ ಹಾಡಲು ಬೇರೆ ಜಾಗವೇ ಇರುವುದಿಲ್ಲ. ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ನಿವೃತ್ತಿಯಾದ ಮೇಲೆ ಮತ್ತೆ ಹಾಡು ಕೈಗೆತ್ತಿಕೊಂಡವರು ಒಂದು ಸಂಜೆಗೆ ಐದು ಹಾಡು ಹಾಡಲು ಹೊರಟರೆ ಅದರ ಹಿಂದಿನ ಹಸಿವು ನನಗೆ ಅರ್ಥವಾಗುತ್ತದೆ. ಅಂಥವರಿಗೆ ಜಾಮ್ ಶುರುವಾಗುವ ಅರ್ಧ ಗಂಟೆ ಮೊದಲು ಬರಲು ಹೇಳಿ. ಒಬ್ಬ ಗಿಟಾರಿನವರ ಜೊತೆ ಕೂತು ಶ್ರುತಿ ನೋಡಿಕೊಳ್ಳಲಿ.

ಕಟುವಾಗಿ ಹೇಳಿದರೇ ಕಲಿಯುತ್ತಾರೆ ಅನ್ನುವವರಿದ್ದಾರೆ. ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಮೇಲೆ ಸಿಂಬಲ್ (ಡ್ರಮ್ಸ್‌ನ ಲೋಹದ ತಟ್ಟೆ) ಎಸೆದ ಕಥೆ ಹೇಳುತ್ತಾರಲ್ಲ?

ಆ ಕಥೆಯನ್ನು ಅರ್ಧ ಹೇಳುತ್ತಾರೆ. 1936ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯ ರೆನೊ ಕ್ಲಬ್‌ನಲ್ಲಿ ಒಂದು ಜಾಮ್. ಆಗ ಪಾರ್ಕರ್ ಇನ್ನೂ ಹದಿಹರೆಯದ ಹುಡುಗ. ಸ್ಯಾಕ್ಸೊಫೋನ್ ನುಡಿಸುತ್ತಾ ದಾರಿ ತಪ್ಪಿದ. ಡ್ರಮ್ಸ್ ನುಡಿಸುತ್ತಿದ್ದ ಜೋ ಜೋನ್ಸ್ ಒಂದು ಸಿಂಬಲ್ ಕಳಚಿ ನೆಲಕ್ಕೆ ಎಸೆದರು. ಅದು ಹುಡುಗನ ಕಾಲ ಬಳಿ ಬಿತ್ತು, ಜನ ನಕ್ಕರು. ಅಲ್ಲಿದ್ದ ಬೇಸ್ ವಾದಕ ಜೀನ್ ರೇಮಿ ಹೇಳಿದ್ದು ಹೀಗೆ. ತಲೆಗೆ ಗುರಿಯಿಟ್ಟು ಎಸೆದರು ಅನ್ನುವುದು ಆಮೇಲೆ ಸೇರಿದ್ದು.

ಅವರನ್ನು ದೊಡ್ಡ ಕಲಾವಿದರನ್ನಾಗಿ ಮಾಡಿದ್ದು ಸಿಂಬಲ್ ಅಲ್ಲ. 1937ರ ಬೇಸಿಗೆಯಲ್ಲಿ ಪಾರ್ಕರ್ ಓಝಾರ್ಕ್ಸ್ ಬೆಟ್ಟಗಳ ಕಡೆಯ ಒಂದು ರೆಸಾರ್ಟಿನಲ್ಲಿ ಬ್ಯಾಂಡ್ ಒಂದರ ಜೊತೆ ನುಡಿಸಲು ಹೋದರು. ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ನುಡಿಸಿದ್ದ ರೆಕಾರ್ಡ್‌ಗಳನ್ನು ಜೊತೆಗೆ ಒಯ್ದು, ಕೇಳಿ ಕೇಳಿ ಕಲಿತರು. ಜೊತೆಗಿದ್ದ ವಾದಕರು ಹಾರ್ಮನಿ, ಅಂದರೆ ಕಾರ್ಡುಗಳ ಜೋಡಣೆ, ಹೇಳಿಕೊಟ್ಟರು. ಕೇಳುವುದಕ್ಕೆ ಸಮಯ, ಹೇಳಿಕೊಡುವುದಕ್ಕೆ ಜನ, ಎರಡೂ ಸಿಕ್ಕಿದ್ದರಿಂದ ಆದದ್ದು ಅದು. ನಗುವಿಗೆ ಹೆದರಿ ವಾದ್ಯ ಕೆಳಗಿಟ್ಟವರ ಕಥೆಗಳು ನಮ್ಮವರೆಗೆ ಬರುವುದೇ ಇಲ್ಲ.

ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1940ರ ದಶಕದಲ್ಲಿ ಮಿಂಟನ್ಸ್ ಪ್ಲೇಹೌಸ್ ಅನ್ನುವ ಕ್ಲಬ್ಬಿನ ಜಾಮ್‌ಗಳು ಹೆಸರುವಾಸಿ. ಅಲ್ಲಿ ತಯಾರಿಲ್ಲದವರು ವೇದಿಕೆಗೆ ಬಂದರೆ ಕಾರ್ಡುಗಳನ್ನೂ ವೇಗವನ್ನೂ ಬದಲಿಸಿ ತಾವಾಗಿಯೇ ಇಳಿಯುವಂತೆ ಮಾಡುತ್ತಿದ್ದರು. ಅವರು ವೃತ್ತಿಪರರು, ಹೊಸ ಸಂಗೀತ ಹುಡುಕುತ್ತಿದ್ದರು. ಭಾನುವಾರದ ತಾರಸಿ ಜಾಮ್‌ಗೆ ಆ ದಾರಿ ಬೇಡ.

ನಮ್ಮಲ್ಲಿ ಒಟ್ಟಿಗೆ ಹಾಡುವ ಪದ್ಧತಿಗಳಿವೆಯಲ್ಲ, ಅಲ್ಲಿ ಇದನ್ನು ಹೇಗೆ ನಿಭಾಯಿಸುತ್ತಾರೆ?

ಭಜನೆಯನ್ನೇ ನೋಡಿ. ಒಬ್ಬರು ಸಾಲು ಹೇಳುತ್ತಾರೆ, ಉಳಿದವರು ತಿರುಗಿ ಹೇಳುತ್ತಾರೆ. ಶ್ರುತಿ ಹಾರ್ಮೋನಿಯಂನವರ ಕೈಯಲ್ಲಿ, ತಾಳ ಎಲ್ಲರ ಕೈಯಲ್ಲಿ. ಅಪಸ್ವರದವರೂ ಗುಂಪಿನಲ್ಲಿ ಹಾಡುತ್ತಾ ಹಾಡುತ್ತಾ ಸರಿಹೋಗುತ್ತಾರೆ. ದೇವರನಾಮ ಹಾಡಿ ಹಾಡಿಯೇ ಎಷ್ಟೋ ಮನೆಗಳಲ್ಲಿ ಕಿವಿ ತಯಾರಾಗಿದ್ದು ಹೀಗೆ. ಯಕ್ಷಗಾನದಲ್ಲಿ ಭಾಗವತರದ್ದೇ ಹಿಡಿತ. ಚೆಂಡೆ ಮದ್ದಳೆಯವರು ಎಷ್ಟೇ ಪ್ರವೀಣರಾದರೂ ಭಾಗವತರ ತಾಳ ನೋಡಿಯೇ ನುಡಿಸಬೇಕು. ಕಛೇರಿಯಲ್ಲಿ ಪಿಟೀಲಿನವರು ಹಾಡುವವರ ನೆರಳಾಗಿ ಬರುತ್ತಾರೆ, ಆಲಾಪನೆಯಲ್ಲಿ ಅವರ ಸರದಿ ಬಂದಾಗ ಪೂರ್ತಿ ಜಾಗ ಸಿಗುತ್ತದೆ. ಮೃದಂಗದವರಿಗೆ ತಾವೇ ಮುಂದೆ ನಿಂತು ನುಡಿಸಲು ತನಿ ಆವರ್ತನ.

ಎಲ್ಲ ಕಡೆಯೂ ಒಬ್ಬರು ಮುಂದಾಳು ಇದ್ದಾರೆ, ಎಲ್ಲರಿಗೂ ಒಂದು ಸರದಿ ಇದೆ. ನಮ್ಮ ಜಾಮ್‌ಗಳಲ್ಲಿ “ಎಲ್ಲರೂ ಸಮಾನ” ಅನ್ನುವ ಒಳ್ಳೆಯ ಮನಸ್ಸಿನಿಂದ ಈ ಎರಡನ್ನೂ ಕೈಬಿಟ್ಟಿದ್ದೇವೆ. ಪ್ರತಿ ಹಾಡಿಗೆ ಒಬ್ಬರನ್ನು ಮುಂದಾಳು ಮಾಡಿ. ಹಾಡು ಬದಲಾದಂತೆ ಮುಂದಾಳೂ ಬದಲಾಗಲಿ.

ಶಾಸ್ತ್ರೀಯ ಸಂಗೀತ ಕಲಿತವರಿಂದಲೂ ಈ ತೊಂದರೆ ಬರುತ್ತದಾ?

ಬರುತ್ತದೆ. ಭಾವಗೀತೆಯ ನಡುವೆ ದೀರ್ಘ ಆಲಾಪ, ಪ್ರತಿ ಸಾಲಿಗೂ ಸಂಗತಿ ಮೇಲೆ ಸಂಗತಿ (ಅದೇ ಸಾಲನ್ನು ಬೇರೆ ಬೇರೆ ರೀತಿ ಹಾಡುವುದು), ಗಿಟಾರಿನವರು ಕಾರ್ಡ್ ಬದಲಿಸುವ ಜಾಗದಲ್ಲಿ ಉದ್ದ ಗಮಕ. ಅವರ ಶ್ರುತಿ ಸರಿ ಇದೆ, ತಾಳ ಸರಿ ಇದೆ, ಆದರೂ ಜೊತೆಯವರಿಗೆ ಉಸಿರಾಡಲು ಜಾಗವಿಲ್ಲ. ಕವಿಯ ಮಾತು ಕೇಳಿಸಬೇಕಾದ ಕಡೆ ಕಂಠ ಮಾತ್ರ ಕೇಳಿಸುತ್ತದೆ. ಅವರಿಗೆ ಬೇಗ ಅರ್ಥವಾಗುತ್ತದೆ, ಹೇಳಬೇಕಷ್ಟೆ.

ಹೇಳಿದ ಮೇಲೂ ಬದಲಾಗದಿದ್ದರೆ?

ಎರಡು ಮೂರು ಸಲ ಹೇಳಿ ನೋಡಿ. ರೆಕಾರ್ಡಿಂಗ್ ಕೇಳಿಸಿ. ಗುಂಪಿನ ಹಾಡುಗಳಲ್ಲಿ ಸೇರಿಸಿಕೊಳ್ಳಿ. ಅದಾದ ಮೇಲೂ ಬೇರೆಯವರ ಸರದಿ ಕಿತ್ತುಕೊಳ್ಳುತ್ತಿದ್ದರೆ, ನೇರವಾಗಿ, “ಈ ಜಾಮ್ ನಿಮಗೆ ಹೊಂದುತ್ತಿಲ್ಲ” ಅಂತ ನೀವೇ ಹೇಳಿ. ಅಪಸ್ವರಕ್ಕಾಗಿ ಯಾರನ್ನೂ ಬಿಡಬೇಡಿ. ಬೇರೆಯವರಿಗೆ ಜಾಗ ಕೊಡದಿದ್ದಕ್ಕೆ ಬಿಡಬಹುದು. ನಮ್ಮಲ್ಲೂ ಒಬ್ಬರು ಹಾಗೆ ಬರುವುದನ್ನು ನಿಲ್ಲಿಸಿದರು. ಬೇಸರವಾಯಿತು. ಆದರೆ ಅವರು ಇದ್ದಷ್ಟು ದಿನ ಬಾಯಿಬಿಡದಿದ್ದ ಇಬ್ಬರು ಹುಡುಗಿಯರು ಈಗ ಹಾಡುತ್ತಿದ್ದಾರೆ.

ನಾನೇ ಅಂಥವನಾ ಅಂತ ಹೇಗೆ ತಿಳಿಯಲಿ?

ಫೋನನ್ನು ಜಾಗದ ಮಧ್ಯದಲ್ಲಿಟ್ಟು ರೆಕಾರ್ಡ್ ಮಾಡಿ, ನಿಮ್ಮ ಬಾಯಿಯ ಹತ್ತಿರ ಅಲ್ಲ. ಎರಡು ದಿನ ಬಿಟ್ಟು ಕೇಳಿ. ಮೊದಲ ಸಲ ನಿಮ್ಮ ಧ್ವನಿಯನ್ನು ಬಿಟ್ಟು ಗಿಟಾರನ್ನು ಮಾತ್ರ ಕೇಳಿ. ಅವರು ಎಲ್ಲಾದರೂ ತಡವರಿಸಿದ್ದಾರಾ, ಕಾರ್ಡ್ ಬಿಟ್ಟು ನಿಮಗಾಗಿ ಕಾದಿದ್ದಾರಾ? ಅಲ್ಲೆಲ್ಲ ನೀವು ತಪ್ಪಿದ್ದೀರಿ. ಆಮೇಲೆ ತಂಬೂರಿ ಹಾಕಿಕೊಂಡು ಪ್ರತಿ ಸಾಲಿನ ಕೊನೆಯ ಸ್ವರವನ್ನು ಎಳೆದು ನಿಲ್ಲಿಸಿ ನೋಡಿ. ಸಾಲು ಸರಿ ಇದ್ದರೂ ನಿಲುಗಡೆ ಜಾರುವವರೇ ಜಾಸ್ತಿ.

ಜೊತೆಗೆ ಒಬ್ಬರನ್ನು ಕೇಳಿ. “ಹೇಗಿತ್ತು?” ಅಂತ ಕೇಳಿದರೆ “ಚೆನ್ನಾಗಿತ್ತು” ಅನ್ನುತ್ತಾರೆ. “ಯಾವ ಜಾಗದಲ್ಲಿ ನಿಮಗೆ ಕಷ್ಟವಾಯ್ತು?” ಅಂತ ಗಿಟಾರಿನವರನ್ನು ಕೇಳಿ.

ಫೋನ್ ನೋಡಿಕೊಂಡು ಹಾಡಬಹುದಾ?

ಸಾಹಿತ್ಯಕ್ಕೆ ಧಾರಾಳವಾಗಿ. ಚರಣ ಶುರುವಾಗುವ ಜಾಗದಲ್ಲಿ ಮಾತ್ರ ತಲೆ ಎತ್ತಿ.

ರಾತ್ರಿ ಎಷ್ಟು ಹೊತ್ತಿನವರೆಗೆ?

ಶಬ್ದ ಮಾಲಿನ್ಯದ 2000ನೇ ಇಸವಿಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಧ್ವನಿವರ್ಧಕ ಇಲ್ಲದಿದ್ದರೂ ನಾವು 9ಕ್ಕೆ ನಿಲ್ಲಿಸುತ್ತೇವೆ. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ.

ಮೊದಲ ಸಲ ಬರುತ್ತಿದ್ದೇನೆ. ಯಾವ ಹಾಡು ಆರಿಸಲಿ?

ನಿಮಗೆ ಅತಿ ಇಷ್ಟವಾದದ್ದನ್ನು ಎರಡನೆಯ ಸಲಕ್ಕೆ ಇಟ್ಟುಕೊಳ್ಳಿ. ಮೊದಲ ಸಲಕ್ಕೆ ಎಲ್ಲರಿಗೂ ಗೊತ್ತಿರುವ, ಮಧ್ಯಮ ವೇಗದ, ಮೂರು ನಾಲ್ಕು ಕಾರ್ಡಿನ ಹಾಡು ಸಾಕು. ಹಿಂದಿನ ದಿನ ಟ್ರ್ಯಾಕ್ ಇಲ್ಲದೆ, ಬರೀ ತಂಬೂರಿ ಮತ್ತು ಕೈತಾಳದ ಜೊತೆ ಪೂರ್ತಿ ಹಾಡಿ. ಮೇಲಿನ ಸಾಲು ಬರುವ ಶ್ರುತಿ ಗುರುತು ಮಾಡಿಕೊಂಡು ನಡೆಸುವವರಿಗೆ ಮೆಸೇಜ್ ಕಳಿಸಿ. ಬಂದ ಮೇಲೆ ಒಂದು ಸುತ್ತು ಬೇರೆಯವರಿಗೆ ಚಪ್ಪಾಳೆ ಹಾಕುತ್ತಾ ಕೂತು, ಎರಡನೆಯ ಸುತ್ತಿನಲ್ಲಿ ಹಾಡಿ. ಗಿಟಾರಿನವರಿಗೆ ಎದುರಾಗಿ ಕೂತುಕೊಳ್ಳಿ, ಪಕ್ಕದಲ್ಲಿ ಬೇಡ. ಅವರ ಎಡಗೈ ಕಾರ್ಡ್ ಬದಲಿಸುವುದು ನಿಮಗೆ ಕಾಣಿಸುತ್ತಿರಲಿ.